ಸ್ಟೇರಿಂಗಿಗೆ ತೋಳಿನ ಅಳತೆ

ಹುಬ್ಬಳ್ಳಿಯ ಗಬ್ಬೂರ ಕ್ರಾಸಿನಿಂದ ಬೈಪಾಸಿನ ಕಡೆ ಸ್ವಲ್ಪ ನಡೆದರೆ ಸಾಲಾಗಿ ಗ್ಯಾರೇಜುಗಳು ಸಿಗುತ್ತವೆ. ಒಂದೊಂದಕ್ಕೂ ಒಂದೊಂದು ಬಣ್ಣದ ಬೋರ್ಡು. ಗುಲಾಬಸಾಬರ ಗ್ಯಾರೇಜಿಗೆ ಮಾತ್ರ ಬೋರ್ಡಿಲ್ಲ. ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ತೂಗುತ್ತಿರುತ್ತದೆ. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ನಡುವೆ ಸವೆದ ಹಿತ್ತಾಳೆಯ ಮುಖ, ಅದರ ಮೇಲೆ ಒಂದು ಮುಳ್ಳು. ಗಾಳಿ ಬೀಸಿದಾಗ ಮುಳ್ಳು ಸುಮ್ಮನೆ ಒಂದು ಕೂದಲೆಳೆಯಷ್ಟು ಅಲ್ಲಾಡಿ ಸೊನ್ನೆಗೆ ಮರಳುತ್ತದೆ.

ಗುಲಾಬಸಾಬರು ಸ್ಟೇರಿಂಗ್ ಮಿಸ್ತ್ರಿ. ಅರವತ್ತೆರಡು ವರ್ಷ. ಎಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ. ಗಾಡಿ ಒಳಗೆ ಬಂದ ಕೂಡಲೇ ಅದರ ಕೆಳಗೆ ತೂರುವುದೂ ಇಲ್ಲ. ಮೊದಲು ತಕ್ಕಡಿಯನ್ನು ಗೋಡೆಯ ಬಳೆಗೆ ಸಿಕ್ಕಿಸಿ, ಇನ್ನೊಂದು ಕೊಕ್ಕೆಯನ್ನು ಚಾಲಕನ ಕೈಗೆ ಕೊಟ್ಟು ಜಗ್ಗಲು ಹೇಳುತ್ತಾರೆ. ಬಲ ತೋರಿಸಲು ಅಲ್ಲ, ದಿನವಿಡೀ ಜಗ್ಗಬೇಕಾಗಿ ಬಂದರೆ ಎಷ್ಟು ಜಗ್ಗುತ್ತೀಯೋ ಅಷ್ಟು. ಮುಳ್ಳು ನಿಂತ ಅಂಕಿಯನ್ನು ಎಣ್ಣೆಯ ಹೊಗೆಗೆ ಕರಿದಾದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾರೆ. ಆಮೇಲೆ ಅದೇ ಕೊಕ್ಕೆಯನ್ನು ಸ್ಟೇರಿಂಗ್ ಚಕ್ರದ ಅಂಚಿಗೆ ಹಗ್ಗದಿಂದ ಕಟ್ಟಿ ಮೆಲ್ಲಗೆ ಎಳೆಯುತ್ತಾರೆ. ಚಕ್ರ ಕೇಳುವುದು ತೋಳು ಕೊಡುವುದಕ್ಕಿಂತ ಹೆಚ್ಚಾಗಿದ್ದರೆ ಅಲ್ಲಿಂದ ಅವರ ಕೆಲಸ ಶುರು.

ಪಕ್ಕದ ಟೈರಿನಂಗಡಿಯ ಹನಮೇಶನಿಗೆ ಇದು ಇಪ್ಪತ್ತು ವರ್ಷದಿಂದ ನಗೆಯ ಸರಕು. ಬೆಳಗ್ಗೆ ಶಟರ್ ಎತ್ತುವಾಗ ಒಮ್ಮೆ ಕೇಳಿದರೇ ಅವನಿಗೆ ಸಮಾಧಾನ.

"ಏನ್ರಿ ಸಾಬರ, ಇವತ್ತ ತೋಳಿನ ಧಾರಣಿ ಹೆಂಗೈತಿ?"

"ಟೇಲರ್ ಅಳತಿ ತಗೊಂಡ್ರ ನಗಂಗಿಲ್ಲ, ನಾ ತಗೊಂಡ್ರ ನಗ್ತಿ," ಎಂದು ಅವರು ತಲೆಯೆತ್ತದೆ ಹೇಳುತ್ತಾರೆ.

ಆ ತಕ್ಕಡಿ ಅವರ ತಂದೆಯದು. ತಂದೆ ಹತ್ತಿಯ ಪೇಟೆಯಲ್ಲಿ ತೂಕ ಮಾಡುವವರಾಗಿದ್ದರು. ಆದರೆ ತೋಳು ತೂಗುವ ಪದ್ಧತಿ ಬಂದದ್ದು ಅಣ್ಣ ಅಲ್ಲಾವುದ್ದೀನರಿಂದ. ಅಲ್ಲಾವುದ್ದೀನರು ಲಾರಿ ಡ್ರೈವರ್. ಪವರ್ ಸ್ಟೇರಿಂಗ್ ಎಂಬುದು ಇಲ್ಲದ ಕಾಲದಲ್ಲಿ ಅಂಕೋಲೆಯ ಘಾಟಿನಲ್ಲಿ ಹತ್ತಿ ಇಳಿದವರು. ಐವತ್ತಕ್ಕೆಲ್ಲ ಅವರ ಎರಡೂ ಭುಜ ಸೋತು, ಕೈ ಕಿವಿಗಿಂತ ಮೇಲೆ ಏಳದಂತಾಯಿತು. ದಿನಾ ಮುಂಜಾನೆ ಅವರಿಗೆ ಅಂಗಿಯ ತೋಳು ತೊಡಿಸುತ್ತಿದ್ದುದು ಗುಲಾಬಸಾಬರೇ. ಈ ವಿಷಯ ಕೇಳಿದರೆ ಅವರು ಹೇಳುವುದು ಇಷ್ಟೇ: "ಗಾಡಿ ರಿಪೇರಿ ಆಕ್ಕಿತ್ತು. ಅಣ್ಣ ಆಗಲಿಲ್ಲ."

ಕಳೆದ ವರ್ಷ ಜೂನ್ ತಿಂಗಳಲ್ಲಿ ನನ್ನ ಚಿಗವ್ವ ಸುಜಾತಾಳ ಗಾಡಿ ಆ ಗ್ಯಾರೇಜಿಗೆ ಹೋಯಿತು.

ಚಿಗವ್ವನದು ಮುಗದದಲ್ಲಿ ಒಂದು ಸಸಿಮನೆ. ಹಸಿರು ಬಲೆಯ ಕೆಳಗೆ ಸಾಲು ಸಾಲು ಕರಿಯ ಟ್ರೇಗಳು. ಅವುಗಳ ಒಂದೊಂದು ಗುಳಿಯಲ್ಲಿ ಒಂದೊಂದು ಮೆಣಸಿನ ಸಸಿ. ಕೊಳ್ಳುವ ರೈತರು ಇರುವುದು ಕುಂದಗೋಳ, ಅಣ್ಣಿಗೇರಿಯ ಎರೆ ಹೊಲಗಳಲ್ಲಿ. ಮಳೆ ಬಿದ್ದ ಮರುದಿನವೇ ಅವರಿಗೆ ಸಸಿ ಬೇಕು, ಆ ದಿನ ಆ ಮಣ್ಣಿನಲ್ಲಿ ಬೇರೆ ಗಾಡಿ ಹೋಗುವುದಿಲ್ಲ. ಅದಕ್ಕೆಂದೇ ಅವಳು ಗದಗದ ಕಡೆಯ ಗಾಳಿಯಂತ್ರದ ಕಂಪನಿಯೊಂದು ಮಾರಿದ ಹಳೆಯ ಪಿಕಪ್ ಕೊಂಡಿದ್ದಳು. ನಾಲ್ಕು ಬಾಗಿಲು, ಹಿಂದೆ ಸಾಮಾನಿನ ತೊಟ್ಟಿ, ನಾಲ್ಕೂ ಗಾಲಿಗೆ ಎಳೆತ. ಗುಡ್ಡ ಹತ್ತಲೆಂದು ಕಂಪನಿಯವರೇ ದೊಡ್ಡ ಟೈರು ಹಾಕಿಸಿ ಕಾಗದಪತ್ರದಲ್ಲೂ ಬರೆಸಿದ್ದರು. ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಎತ್ತರ, ಎರಡು ಬೆರಳು ಅಗಲ. ಆ ಟೈರಿನ ಮೇಲೆ ಗಾಡಿ ಕೆಸರಿನಲ್ಲಿ ಎಮ್ಮೆಯಂತೆ ನಿಧಾನವಾಗಿ, ನಿಶ್ಚಿಂತೆಯಿಂದ ನಡೆಯುತ್ತಿತ್ತು.

ಆರು ವರ್ಷ ಅವಳೇ ಓಡಿಸಿದಳು. ಆ ಜೂನಿಗೆ ಎರಡು ವರ್ಷ ಮೊದಲು ಸಸಿಮನೆಯ ಪಾಚಿಯಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಒಳಗೆ ಲೋಹದ ಪಟ್ಟಿ ಹಾಕಿ ಕೂಡಿಸಿದರು. ಕೂಡಿತು, ಆದರೆ ಮೊದಲಿನ ಕಸುವು ಬರಲಿಲ್ಲ. ಎಡಗೈ ಗೇರಿನ ಮೇಲೆ ಹೋದಾಗಲೆಲ್ಲ ಚಕ್ರ ಆ ಬಲಗೈಯ ಪಾಲು. ಕಳೆದ ವರ್ಷದ ಬೇಸಿಗೆಯಿಂದ ಚಕ್ರ ನಡುಗಲು ಶುರುವಾಯಿತು. ವೇಗ ನಲವತ್ತು ದಾಟಿದರೆ ಸ್ಟೇರಿಂಗು ಜ್ವರ ಬಂದವರಂತೆ ಅದುರುತ್ತಿತ್ತು. ತಗ್ಗಿಗೆ ಬಿದ್ದರೆ ಚಕ್ರ ಕೈಯಿಂದ ಕಸಿದುಕೊಂಡು ತಿರುಗುತ್ತಿತ್ತು. ಮನೆಗೆ ಬಂದಾಗ ಮಣಿಕಟ್ಟು ಬಾತಿರುತ್ತಿತ್ತು. ಹಿಂದಿನ ಟ್ರೇಗಳಲ್ಲಿ ಸಸಿಗಳ ಬುಡದ ಮಣ್ಣು ಸಡಿಲಾಗಿರುತ್ತಿತ್ತು.

ಚಿಗವ್ವನ ಗಂಡ ಶಶಿಕುಮಾರ ಸರ್ಕಾರಿ ಶಾಲೆಯ ಪಿ.ಟಿ. ಮಾಸ್ತರ. ಕಬಡ್ಡಿ ಆಡಿದ ಮೈ. ಡ್ರೈವರ್ ಇಟ್ಟುಕೋ ಎಂದು ಅವರು ಎರಡು ವರ್ಷದಿಂದ ಹೇಳುತ್ತಿದ್ದರು, ಅವಳು ಕೇಳಿರಲಿಲ್ಲ. ತಗ್ಗು ಬಂದಾಗ ಸಸಿಯ ನೆನಪಿಟ್ಟು ಓಡಿಸುವ ಡ್ರೈವರನನ್ನು ಅವಳು ಇನ್ನೂ ಕಂಡಿರಲಿಲ್ಲ. ಹೇಳಿಕೊಳ್ಳದ ಕಾರಣವೂ ಒಂದಿತ್ತು: ಆ ಎತ್ತರದ ಸೀಟಿನಲ್ಲಿ ಕೂತು ಹೊಲದ ದಾರಿ ಹಿಡಿದಾಗ ಅವಳ ಮುಖವೇ ಬೇರೆಯಾಗುತ್ತಿತ್ತು.

ಹುಬ್ಬಳ್ಳಿಗೆ ಹೋದ ದಿನ ಭಾನುವಾರ. ಮಣಿಕಟ್ಟು ಬಾತಿತ್ತು, ಹಾಗಾಗಿ ಗಾಡಿ ಓಡಿಸಿದವರು ಶಶಿಕುಮಾರ ಕಾಕಾ. ಮೊದಲು ಹನಮೇಶನ ಅಂಗಡಿಯ ಮುಂದೆ ನಿಲ್ಲಿಸಿದರು. ಅವನು ಟೈರಿನ ಗಾತ್ರ ನೋಡಿದವನೇ, ಇದಕ್ಕೆ ಜೋಡಿ ಸ್ಟೆಬಿಲೈಜರ್ ಹಾಕಿಸಿದರೆ ಮುಗಿಯಿತು ಎಂದ. ಸ್ಟೆಬಿಲೈಜರ್ ಎಂದರೆ ಶಾಕ್ ಅಬ್ಸಾರ್ಬರಿನಂಥದೇ ಒಂದು ಕೊಳವೆ, ಮುಂದಿನ ಗಾಲಿಗಳ ನಡುವೆ ಅಡ್ಡ ಮಲಗಿಸಿದ್ದು. ಗಾಲಿಗೆ ಬಿದ್ದ ಪೆಟ್ಟು ಚಕ್ರಕ್ಕೆ ಮುಟ್ಟುವ ಮೊದಲೇ ನುಂಗಿಕೊಳ್ಳುತ್ತದೆ. ಈ ಗಾಡಿಯಲ್ಲಿ ಒಂದಿತ್ತು, ಅದರ ಎಣ್ಣೆ ಸೋರಿ ಒಣಗಿ ಎಷ್ಟೋ ಕಾಲವಾಗಿತ್ತು.

ಗುಲಾಬಸಾಬರಿಗೆ ಅಷ್ಟು ಅವಸರವಿರಲಿಲ್ಲ. ಮೊದಲು ಕಂಪನಿಯ ಗಾತ್ರದ ಟೈರು ಹಾಕಿಸಿಬಿಡಿ ಎಂದರು. ಆ ಟೈರಿನಲ್ಲಿ ಎರೆ ಹೊಲಕ್ಕಿಳಿದರೆ ಗಾಡಿಯ ಹೊಟ್ಟೆ ನೆಲಕ್ಕೆ ಕೂರುತ್ತದೆಂದು ಚಿಗವ್ವ ವಿವರಿಸಿದಳು. ಅವರು ತಲೆಯಾಡಿಸಿ ಗಾಡಿಯ ಕೆಳಗೆ ಮಲಗಿದರು. ಕಾಕಾರಿಂದ ಚಕ್ರ ಅತ್ತಿತ್ತ ಆಡಿಸಿ ಒಂದೊಂದು ಜೋಡಣೆಯ ಮೇಲೂ ಬೆರಳಿಟ್ಟು ನೋಡಿದರು. ಗಾಲಿಯನ್ನು ಸ್ಟೇರಿಂಗಿಗೆ ಸೇರಿಸುವ ಸರಳಿನ ತುದಿಯ ಗುಂಡು ಸವೆದಿತ್ತು. ಗಾಲಿಯ ಒಳಬದಿಯಲ್ಲಿ ಕಳೆದ ವರ್ಷದ ಎರೆಮಣ್ಣು ಇಟ್ಟಿಗೆಯಂತೆ ಒಣಗಿ ತೂಕವನ್ನು ಒಂದು ಕಡೆ ಜಗ್ಗುತ್ತಿತ್ತು. ಅವೆರಡನ್ನು ಬಿಟ್ಟು ಬರೀ ಸ್ಟೆಬಿಲೈಜರ್ ಹಾಕಿದ್ದರೆ ನಡುಕ ನಿಲ್ಲುತ್ತಿತ್ತು, ರೋಗ ಒಳಗೇ ಬೆಳೆದು ಒಂದು ದಿನ ಸರಳೇ ಕಳಚುತ್ತಿತ್ತು ಎಂದರು. ಸರಳಿನ ತುದಿ ಬದಲಾಯಿತು, ಮಣ್ಣು ಹೋಯಿತು, ಗಾಲಿಗಳ ತೂಕ ಸರಿಯಾಯಿತು. ಮುಕ್ಕಾಲು ನಡುಕ ಅಲ್ಲಿಗೇ ನಿಂತಿತು.

ಉಳಿದದ್ದಕ್ಕೆ ಸ್ಟೆಬಿಲೈಜರ್ ಆರಿಸಬೇಕಿತ್ತು. ತಕ್ಕಡಿ ಗೋಡೆಗೆ ಏರಿತು. ಕೊಕ್ಕೆಯನ್ನು ಅವರು ಶಶಿಕುಮಾರ ಕಾಕಾರ ಕೈಗೆ ಕೊಟ್ಟರು.

ತಪ್ಪಾದದ್ದು ಅಲ್ಲಿ. ಗಾಡಿ ಓಡಿಸಿಕೊಂಡು ಬಂದವರು ಕಾಕಾ, ಕೆಳಗಿಳಿದು ಮಾತಿಗೆ ನಿಂತವರು ಕಾಕಾ. ಚಿಗವ್ವನಿಗೆ ಗುಲಾಬಸಾಬರು ಖುರ್ಚಿ ಒರೆಸಿ ಹಾಕಿಸಿ, ಚಹಾ ತರಿಸಿ, "ಕುಂದರ್ರಿ ಅಕ್ಕಾರ" ಎಂದಿದ್ದರು. ನಡುಕ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವಳು ಹೇಳಿದ್ದನ್ನು ಗಮನವಿಟ್ಟು ಕೇಳಿದ್ದರು. ಆದರೆ ಹೆಣ್ಣುಮಗಳ ಕೈಗೆ ಕೊಕ್ಕೆ ಕೊಟ್ಟು ಜಗ್ಗು ಎನ್ನುವುದು ನಲವತ್ತು ವರ್ಷದಲ್ಲಿ ಅವರ ಬಾಯಿಗೆ ಬಂದ ಮಾತಲ್ಲ. ಇತ್ತ ಚಿಗವ್ವನಿಗೂ ಸಂಕೋಚ. ಅಷ್ಟು ಮರ್ಯಾದೆಯಿಂದ ಕೂರಿಸಿದವರ ಮುಂದೆ ಎದ್ದು ಹೋಗಿ, ಅಳೆಯುವುದಾದರೆ ನನ್ನ ಕೈ ಅಳೆಯಿರಿ ಎನ್ನುವುದು ಹೇಗೆ? ಇಷ್ಟು ಕಂಡವರಿಗೆ ಗೊತ್ತಿರದೆ ಇದ್ದೀತೇ ಎಂದುಕೊಂಡು ಚಹಾ ಮುಗಿಸಿದಳು. ಕಾಕಾ ಒಂಬತ್ತು ಕಿಲೋ ಜಗ್ಗಿ, ಇನ್ನೂ ಬೇಕಾದರೆ ಜಗ್ಗಬಲ್ಲೆ ಎಂಬಂತೆ ನಕ್ಕರು. ಗೋಡೆಯ ಮೇಲೆ ಒಂಬತ್ತು ಎಂದು ಬಿತ್ತು. ಒಂಬತ್ತು ಕಿಲೋ ತೋಳಿಗೆ ಜೋಡಿ ಸ್ಟೆಬಿಲೈಜರ್ ಸರಿ ಎಂದು ಗುಲಾಬಸಾಬರು ತೀರ್ಮಾನಿಸಿ ಅದನ್ನೇ ಹಾಕಿದರು. ಹಿಂದಿರುಗುವಾಗ ಗಾಡಿ ಗೆರೆ ಎಳೆದಂತೆ ಹೋಯಿತು. ಆಗಲೂ ಚಕ್ರದ ಹಿಂದೆ ಇದ್ದವರು ಕಾಕಾ.

ಮರುದಿನ ಅರವತ್ತು ಟ್ರೇ ಮೆಣಸಿನ ಸಸಿ ಹೇರಿಕೊಂಡು ಚಿಗವ್ವ ಕುಂದಗೋಳದ ದಾರಿ ಹಿಡಿದಳು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಚಕ್ರ ನಡುಗಲಿಲ್ಲ, ಆದರೆ ಗಟ್ಟಿ ನುಚ್ಚಿನಲ್ಲಿ ಹುಟ್ಟು ತಿರುಗಿಸಿದಂತೆ ಬಿಗಿಯಾಗಿತ್ತು. ಹಳ್ಳದ ಸೇತುವೆ ದಾಟಿದ ಮೇಲೆ ಎಡಕ್ಕೊಂದು ತಿರುವು. ಅಲ್ಲಿ ಅವಳು ಯಾವಾಗಲೂ ಚಕ್ರ ತಿರುಗಿಸಿ ಅಂಗೈ ಸಡಿಲಿಸುತ್ತಾಳೆ, ಚಕ್ರ ತಾನಾಗಿ ಮರಳಿ ಬರುತ್ತದೆ. ಅಂದು ಬರಲಿಲ್ಲ. ಎರಡು ಸ್ಟೆಬಿಲೈಜರ್‌ಗಳ ಹಿಡಿತದಲ್ಲಿ ಚಕ್ರ ತಿರುಗಿದಲ್ಲೇ ನಿಂತಿತು. ಅವಳು ಬಲಗೈಯಿಂದ ಜೋರಾಗಿ ಎಳೆದಳು. ಮಣಿಕಟ್ಟಿನಲ್ಲಿ ನೋವು ಚಳಕ್ಕೆಂದು ಬೆರಳು ತಾವಾಗಿ ಬಿಚ್ಚಿಕೊಂಡವು. ಗಾಡಿ ಡಾಂಬರು ಬಿಟ್ಟು ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ಒಂದು ಹೊಲದಂಚಿನ ಕೆಸರಿನಲ್ಲಿ ಮೂತಿಯಿಟ್ಟು ನಿಂತಿತು. ನಮಗೆ ಏನೂ ಆಗಲಿಲ್ಲ. ಹಿಂದೆ ಟ್ರೇಗಳು ಒಂದರ ಮೇಲೊಂದು ಜಾರಿದ್ದವು. ಚಿಗವ್ವ ಇಳಿದು ಹೋಗಿ ಮುರಿದ ಸಸಿಗಳನ್ನು ಒಂದು ಕಡೆ, ಉಳಿದವನ್ನು ಒಂದು ಕಡೆ ಮಾಡತೊಡಗಿದಳು. ಎಡಗೈಯಿಂದ ಮಾತ್ರ.

ಅಂದು ಸಂಜೆ ಕಾಕಾ ದನಿಯೆತ್ತಲಿಲ್ಲ. ಬರುವ ಸೋಮವಾರದಿಂದ ಡ್ರೈವರ್ ಬರುತ್ತಾನೆ, ಮಾತಾಡಿಕೊಂಡು ಬಂದಿದ್ದೇನೆ ಎಂದರು. ಪ್ರೀತಿಯಿಂದಲೇ ಹೇಳಿದ ಮಾತದು, ಅದಕ್ಕೇ ಅವಳಿಗೆ ಎದುರಾಡುವುದು ಕಷ್ಟವಾಯಿತು. ಅವಳು ಸಸಿಮನೆಗೆ ಹೋಗಿ ಬಲೆಯ ಕೆಳಗೆ ನಿಂತು ಗುಲಾಬಸಾಬರಿಗೆ ಫೋನ್ ಮಾಡಿದಳು. ಬೈಯಬಹುದಿತ್ತು. ಅವಳು ಹೇಳಿದ್ದು ಇಷ್ಟೇ.

"ಚಾಚಾ, ಗಾಡಿ ಛಲೋ ಆಗೈತ್ರಿ. ಆದ್ರ ಹೊಡಿಯಾಕಿ ನಾನು."

ಆ ಕಡೆ ಲಾರಿಗಳ ಹಾರ್ನ್ ಕೇಳುತ್ತಿತ್ತಂತೆ. ಆಮೇಲೆ ಅವರು, ಗುರುವಾರ ಮನೆಯಲ್ಲಿರುತ್ತೀರೇನು ಎಂದು ಕೇಳಿದರು.

ಗುರುವಾರ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಹನಮೇಶನ ಪ್ರಕಾರ ವಾರದ ನಡುವೆ ಅದು ಮುಚ್ಚಿದ್ದು ಅಲ್ಲಾವುದ್ದೀನರು ತೀರಿಕೊಂಡ ದಿನ ಬಿಟ್ಟರೆ ಇದೇ ಮೊದಲು. ಗುಲಾಬಸಾಬರು ಎರಡು ಬಸ್ಸು ಬದಲಿಸಿ ಮುಗದದಲ್ಲಿ ಇಳಿದಾಗ ಕೈಯಲ್ಲಿ ಸ್ಪ್ಯಾನರ್ ಪಾನಾಗಳ ಚೀಲ, ಹೆಗಲಿನ ಬಟ್ಟೆಯ ಚೀಲದಲ್ಲಿ ತಕ್ಕಡಿ, ಹಿಂದೆ ಅವರ ಹೆಂಡತಿ ಹಾಜರಾಬಿ. ಬಂದವರು ನೀರು ಕುಡಿಯುವ ಮೊದಲೇ ಚಿಗವ್ವನ ಎದುರು ನಿಂತರು.

"ತಪ್ಪು ಗಾಡೀದಲ್ಲ ತಂಗಿ, ನಂದು. ನಿಂತವರನ್ನ ನೋಡಿದೆ. ಕುಂತಾಕಿನ್ನ ನೋಡಲಿಲ್ಲ."

ಅಕ್ಕಾರ ಎಂದಿದ್ದವರು ತಂಗಿ ಎಂದದ್ದನ್ನು ಚಿಗವ್ವ ಆಮೇಲೂ ಎಷ್ಟೋ ಸಲ ನೆನೆದಿದ್ದಾಳೆ.

ಸಸಿಮನೆಯ ಕಬ್ಬಿಣದ ಕಂಬಕ್ಕೆ ತಕ್ಕಡಿ ಸಿಕ್ಕಿಸಿದರು. ಹಾಜರಾಬಿಯನ್ನು ಏಕೆ ಕರೆತಂದರೆಂಬುದು ಆಗ ತಿಳಿಯಿತು. ಪರ ಹೆಣ್ಣುಮಗಳು ನೋವುಂಡು ಜಗ್ಗುವಾಗ ಮುಖ ದಿಟ್ಟಿಸುವುದು ಅವರಿಗೆ ಸರಿ ಕಾಣದು. ಆದರೆ ಮುಳ್ಳಿಗಿಂತ ಮುಖ ಮುಖ್ಯ. ಹಾಗಾಗಿ ಕೆಲಸ ಹಂಚಿದರು.

"ಮುಳ್ಳು ನಾ ನೋಡ್ತೇನಿ. ನೀ ಮುಖ ನೋಡು. ಎಲ್ಲಿ ನೋವು ಶುರು ಆತು ಅಲ್ಲಿ ಹೇಳು."

ಚಿಗವ್ವ ಬಲಗೈಯಿಂದ ಜಗ್ಗಿದಳು. ಮುಳ್ಳು ಎರಡು ದಾಟಿತು, ಮೂರು ದಾಟಿತು, ನಾಲ್ಕರ ಹತ್ತಿರ ಬಂತು. ಅವಳ ತುಟಿಯಲ್ಲಿ ನಗುವಿತ್ತು. ಸೋಮವಾರ ಬರುವ ಡ್ರೈವರ್ ಅವಳ ಕಣ್ಣ ಮುಂದಿದ್ದ. ಕೈಯನ್ನು ಗಟ್ಟಿಯೆಂದು ತೋರಿಸಬೇಕಿತ್ತು.

"ಸುಳ್ಳ ಜಗ್ಗಾಕತ್ತಾಳ," ಎಂದರು ಹಾಜರಾಬಿ. "ಎರಡೂವರಿಗೇ ಕಣ್ಣು ಸಣ್ಣಾದವು. ಮುಂದಿಂದೆಲ್ಲಾ ಹಟ."

ಗುಲಾಬಸಾಬರು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಇಲ್ಲಿ ಹೆಚ್ಚು ತೋರಿಸಿದರೆ ನಾನು ಬಿಗಿ ಸ್ಟೆಬಿಲೈಜರ್ ಹಾಕುತ್ತೇನೆ, ಅದು ಮತ್ತೆ ಅದೇ ತಿರುವಿನಲ್ಲಿ ನಿನ್ನನ್ನು ಕೈಬಿಡುತ್ತದೆ ಎಂದು ಮೆತ್ತಗೆ ವಿವರಿಸಿದರು. ಚಿಗವ್ವನ ನಗು ಇಳಿಯಿತು. ಮತ್ತೆ ಜಗ್ಗಿದಳು, ಈ ಸಲ ನಿಜವಾಗಿ. ಎರಡೂವರೆಗೆ ತಾನೇ ಕೈಬಿಟ್ಟಳು. ಎಡಗೈ ಆರು.

ತಕ್ಕಡಿ ಬಿಚ್ಚುವ ಮೊದಲು ಹಾಜರಾಬಿ ಗಂಡನ ಕೈಯಿಂದ ಕೊಕ್ಕೆ ಕಿತ್ತುಕೊಂಡರು. ನಲವತ್ತು ವರ್ಷ ಊರ ಗಂಡಸರ ತೋಳು ಅಳೆದಿರಿ, ನನ್ನದು ಎಷ್ಟು ಎಂದು ಒಂದು ದಿನವಾದರೂ ಕೇಳಿದಿರೇನು ಎಂದು ಸೆರಗು ಸಿಕ್ಕಿಸಿ ಜಗ್ಗಿದರು. ಮುಳ್ಳು ಒಂಬತ್ತೂಕಾಲಿಗೆ ಹೋಗಿ ನಿಂತಿತು. ಶಾಲೆಯಿಂದ ಬಂದ ಶಶಿಕುಮಾರ ಕಾಕಾಗೆ ಈ ಸುದ್ದಿ ಹೇಳಿದಾಗ ಅವರು ತಮ್ಮ ಒಂಬತ್ತಕ್ಕೆ ಅಂದು ಊಟ ಮಾಡಿರಲಿಲ್ಲವೆಂಬ ಕಾರಣ ಕೊಟ್ಟರು.

ಆ ಮಧ್ಯಾಹ್ನ ಗುಲಾಬಸಾಬರು ಅಂಗಳದಲ್ಲೇ ಗಾಡಿಯ ಕೆಳಗೆ ಮಲಗಿ ಜೋಡಿ ಸ್ಟೆಬಿಲೈಜರ್ ಬಿಚ್ಚಿದರು. ಆಮೇಲೆ ಪಕ್ಕದ ಸೀಟಿನಲ್ಲಿ ಕೂತು, ಹೊಲದ ದಾರಿಯಲ್ಲಿ ಮೆಲ್ಲಗೆ ಓಡಿಸಲು ಹೇಳಿದರು. ಅವರು ರಸ್ತೆ ನೋಡಲಿಲ್ಲ. ಅವಳ ಕೈ ನೋಡಿದರು. ತಗ್ಗಿನಲ್ಲಿ ಅವಳು ಚಕ್ರವನ್ನು ಬಿಗಿಯಾಗಿ ಹಿಡಿಯದೆ ಅಂಗೈಯೊಳಗೆ ತುಸು ಜಾರಲು ಬಿಡುತ್ತಾಳೆ, ಜಾರಿದ ಮೇಲೆ ಹಿಡಿಯುತ್ತಾಳೆ ಎಂಬುದನ್ನು ಕಂಡರು. ನಾನು ಆರು ವರ್ಷ ಆ ಗಾಡಿಯಲ್ಲಿ ಓಡಾಡಿಯೂ ಅದನ್ನು ಗಮನಿಸಿರಲಿಲ್ಲ.

ಶುಕ್ರವಾರ ಗ್ಯಾರೇಜಿನಲ್ಲಿ ಮತ್ತೆ ಆಯ್ಕೆ ಶುರುವಾಯಿತು. ಖುರ್ಚಿ ಈ ಸಲವೂ ಹಾಕಿದ್ದರು. ಚಿಗವ್ವ ಕೂರಲಿಲ್ಲ, ಅವರೂ ಒತ್ತಾಯಿಸಲಿಲ್ಲ.

ಮೊದಲು ಗ್ಯಾಸ್ ತುಂಬಿದ ಒಂಟಿ ಸ್ಟೆಬಿಲೈಜರ್ ಹಾಕಿದರು. ಚಕ್ರ ಹಗುರವಾಗಿ, ಚುರುಕಾಗಿ ತಿರುಗಿತು. ಚಿಗವ್ವನಿಗೆ ಅದೇ ಹಿಡಿಸಿತು. ಇನ್ನೇನು ನೋಡುತ್ತೀರಿ, ಇದೇ ಇರಲಿ ಎಂದು ಹನಮೇಶನೂ ಹೇಳಿದ. ಗುಲಾಬಸಾಬರು ಬೈಪಾಸಿನಲ್ಲಿ ನೇರ ರಸ್ತೆಗೆ ಒಯ್ದು, ಚಕ್ರದ ಮೇಲೆ ಎರಡು ಬೆರಳು ಮಾತ್ರ ಇಡು ಎಂದರು. ಗಾಡಿ ಎಡಕ್ಕೆ ವಾಲುತ್ತಿತ್ತು. ಬಹಳವಲ್ಲ, ಮಗು ಸೆರಗು ಜಗ್ಗಿದಷ್ಟು. ಒಳಗಿನ ಗ್ಯಾಸು ಸರಳನ್ನು ಯಾವಾಗಲೂ ಹೊರಗೆ ನೂಕುತ್ತಿರುತ್ತದೆ. ಜೋಡಿ ಹಾಕಿದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಒಂಟಿಯನ್ನು ತಡೆಯುವವರಿಲ್ಲ. ಒಂದು ತಾಸಿಗೆ ಅದು ಲೆಕ್ಕಕ್ಕೇ ಬಾರದು. ಎಂಟು ತಾಸು ಅದನ್ನು ತಡೆಯಬೇಕಾದದ್ದು ಅದೇ ಮಣಿಕಟ್ಟು. ಅವರು ಅದನ್ನು ಬಿಚ್ಚಿ ಕೆಳಗಿಟ್ಟರು.

ಆಮೇಲೆ ಬರೀ ಎಣ್ಣೆಯ ಒಂಟಿ. ಎಡಕ್ಕೂ ನೂಕಲಿಲ್ಲ, ಬಲಕ್ಕೂ ನೂಕಲಿಲ್ಲ. ಆದರೆ ತಕ್ಕಡಿ ಕಟ್ಟಿ ಎಳೆದಾಗ ಮೂರೂಕಾಲು ತೋರಿಸಿತು. ಅವಳ ಎರಡೂವರೆಗಿಂತ ಮುಕ್ಕಾಲು ಕಿಲೋ ಹೆಚ್ಚು. ಅಷ್ಟಕ್ಕೆ ಬಿಡಬಹುದೇನೋ ಎಂಬಂತೆ ಚಿಗವ್ವ ಅವರ ಮುಖ ನೋಡಿದಳು. ಅವರು ಅದನ್ನು ಬಿಗಿದ ಪಟ್ಟಿಯನ್ನು ಕಳಚಿ, ಸರಳಿನ ಮೇಲೆ ಎರಡು ಬೆರಳಿನಷ್ಟು ಒಳಗೆ ಸರಿಸಿ ಮತ್ತೆ ಬಿಗಿದರು. ಒಳಗೆ ಸರಿದಷ್ಟೂ ಅದರ ಓಡಾಟ ಕಡಿಮೆ, ಓಡಾಟ ಕಡಿಮೆಯಾದಷ್ಟೂ ಹಿಡಿತ ಮೃದು. ಚಕ್ರವನ್ನು ಎರಡೂ ಕಡೆಯ ಕೊನೆಯವರೆಗೆ ತಿರುಗಿಸಿ, ಕೊಳವೆಯ ಸರಳು ಎಲ್ಲೂ ತಾಗುವುದಿಲ್ಲ, ಎಲ್ಲೂ ಜಗ್ಗುವುದಿಲ್ಲ ಎಂದು ಕೆಳಗೆ ಮಲಗಿಯೇ ಮೂರು ಸಲ ನೋಡಿದರು. ತಕ್ಕಡಿ ಎರಡೂಮುಕ್ಕಾಲು ಎಂದಿತು. ಮತ್ತೆ ಕಳಚಿದರು, ಇನ್ನೊಂದು ಬೆರಳು ಒಳಗೆ. ಹನಮೇಶ ತನ್ನ ಅಂಗಡಿ ಬಿಟ್ಟು ಬಂದು ನೋಡುತ್ತ ನಿಂತಿದ್ದ. ಅಂದು ಅವನು ಧಾರಣಿ ಕೇಳಲಿಲ್ಲ.

ಎರಡೂಕಾಲು.

ಚಿಗವ್ವ ಒಂದು ಸುತ್ತು ಓಡಿಸಿ ಬಂದಳು. ಐವತ್ತರಲ್ಲಿ ಇನ್ನೂ ಒಂದು ಸಣ್ಣ ಅದುರು ಉಳಿದಿತ್ತು. ಬೆಕ್ಕಿನ ಬೆನ್ನ ಮೇಲೆ ಕೈಯಿಟ್ಟಂತೆ. ಗುಲಾಬಸಾಬರು ಅದನ್ನು ಮುಚ್ಚಿಡಲಿಲ್ಲ.

"ಇದು ಪೂರಾ ಹೋಗಂಗಿಲ್ಲ ತಂಗಿ. ಈ ಟೈರು ಇರೂತನಕಾ ಇಷ್ಟು ಇರತೈತಿ. ಪೂರಾ ನಿಲ್ಲಸ್ತೇನಿ ಅಂದ್ರ ನಿನ್ನ ಕೈಯಿಂದ ಜಾಸ್ತಿ ಬಲ ಕೇಳಬೇಕಾಕ್ಕೈತಿ."

ಚಿಗವ್ವ ಚಕ್ರದ ಮೇಲಿಂದ ಕೈ ತೆಗೆಯಲಿಲ್ಲ.

"ಇರಲಿ ಚಾಚಾ. ನೆಲ ಹೆಂಗೈತಿ ಅನ್ನೂದು ಕೈಗೆ ಗೊತ್ತಾಗಬೇಕು."

ಪ್ರತಿ ಸಲ ಹೊಲದಿಂದ ಬಂದ ಮೇಲೆ ಗಾಲಿಯ ಒಳಬದಿಯ ಮಣ್ಣು ಹಸಿ ಇರುವಾಗಲೇ ತೊಳೆಯಬೇಕು, ತಿಂಗಳಿಗೊಮ್ಮೆ ಸರಳಿನ ತುದಿ ನೋಡಿಸಬೇಕು, ಹೊಲಕ್ಕಿಳಿಯುವಾಗ ಟೈರಿನ ಗಾಳಿ ಇಳಿಸಿ ರಸ್ತೆಗೆ ಬಂದಾಗ ತುಂಬಬೇಕು ಎಂದು ಅವರು ಹೇಳಿದರು. ಅವಳು ಫೋನಿನಲ್ಲಿ ಬರೆದುಕೊಂಡಳು.

ಶನಿವಾರ ಕುಂದಗೋಳಕ್ಕೆ ಸಸಿ ಹೋಗಬೇಕಿತ್ತು. ಹೊಲದೊಡತಿ ಅಕ್ಕವ್ವ ಎರಡು ಸಲ ಫೋನ್ ಮಾಡಿದ್ದಳು. ಹಿಂದಿನ ಸಲ ಕೆಟ್ಟ ಸಸಿಯೂ ಅವಳಿಗೆ ಹೋಗಬೇಕಾದದ್ದೇ. ಅರವತ್ತು ಟ್ರೇ ಮತ್ತೆ ಹೇರಿದೆವು. ಹುಬ್ಬಳ್ಳಿಯ ಬೈಪಾಸಿನಲ್ಲಿ ಗುಲಾಬಸಾಬರು ನಿಂತಿದ್ದರು. ಕರೆದಿರಲಿಲ್ಲ. ಮುಂದಿನ ಸೀಟು ಹತ್ತಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಂದೆ ನನ್ನ ಪಕ್ಕದಲ್ಲಿ ಶಶಿಕುಮಾರ ಕಾಕಾ ಇದ್ದರು. ಸೋಮವಾರದ ಡ್ರೈವರನಿಗೆ ಇನ್ನೂ ಬೇಡವೆಂದು ಹೇಳಿರಲಿಲ್ಲ, ಈ ಓಟ ನೋಡಿ ಹೇಳುತ್ತೇನೆ ಎಂದಿದ್ದರು.

ರಾತ್ರಿ ಮಳೆಯಾಗಿತ್ತು. ಎರಡೂ ಬದಿಯ ಹೊಲ ಉತ್ತ ಮಣ್ಣಿನ ಕಪ್ಪಿನಲ್ಲಿ ಹೊಳೆಯುತ್ತಿತ್ತು. ಹಳ್ಳದ ಸೇತುವೆ ಬಂತು, ದಾಟಿತು. ಎಡಕ್ಕೆ ತಿರುವು. ಕಾಕಾ ಮುಂದಿನ ಸೀಟಿನ ಬೆನ್ನನ್ನು ಹಿಡಿದುಕೊಂಡರು. ಗುಲಾಬಸಾಬರು ಚಕ್ರದ ಕಡೆ ನೋಡಲಿಲ್ಲ. ಕಿಟಕಿಯಾಚೆ, ಇಳಿಜಾರಿನಲ್ಲಿ ಇನ್ನೂ ಉಳಿದಿದ್ದ ನಮ್ಮ ಗಾಲಿಯ ಗುರುತನ್ನು ನೋಡುತ್ತಿದ್ದರು.

ಚಿಗವ್ವ ಚಕ್ರ ತಿರುಗಿಸಿದಳು. ಎಡಗೈ ಗೇರಿಗೆ ಹೋಯಿತು. ಬಲ ಅಂಗೈ ಸಡಿಲಾಯಿತು. ಚಕ್ರ ಅವಳ ಅಂಗೈಯ ಕೆಳಗೆ, ಗಡಿಬಿಡಿಯಿಲ್ಲದೆ, ಹಟವಿಲ್ಲದೆ, ಮರಳಿ ತನ್ನ ಜಾಗಕ್ಕೆ ಬಂದು ನಿಂತಿತು. ರಸ್ತೆ ನೇರವಾಯಿತು. ಸೀಟಿನ ಬೆನ್ನ ಮೇಲಿದ್ದ ಕಾಕಾರ ಕೈ ಮೆಲ್ಲಗೆ ಕೆಳಗಿಳಿಯಿತು.

ಹೊಲದ ದಾರಿಯಲ್ಲಿ ಗಾಳಿ ಇಳಿಸಿದ ಟೈರುಗಳು ಕೆಸರನ್ನು ತುಳಿಯುತ್ತ ಒಳಗೆ ಹೋದವು. ಅಕ್ಕವ್ವ ಒಂದು ಟ್ರೇ ಇಳಿಸಿಕೊಂಡು, ಒಂದು ಸಸಿಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದಳು. ಬುಡದ ಮಣ್ಣು ಗುಳಿಯ ಆಕಾರದಲ್ಲೇ ಇತ್ತು, ಒಂದು ಹರಳೂ ಉದುರಿರಲಿಲ್ಲ. ಅವಳು ಸಾಲಿಗೆ ನಿಂತ ಹೆಂಗಸರನ್ನು ಕೂಗಿ ಕರೆದಳು.

ಗುಲಾಬಸಾಬರು ಕೈ ಹೇಗಿದೆ ಎಂದು ಆಗ ಕೇಳಿದರು. ಚಿಗವ್ವ ಬಲಗೈಯನ್ನು ಮುಂದೆ ಹಿಡಿದು, ಮೊದಲ ಸಲ ಕಂಡಂತೆ ತಿರುಗಿಸಿ ನೋಡಿಕೊಂಡಳು.

"ಬರೂತನಕಾ ಅದರ ನೆನಪ ಆಗಲಿಲ್ರಿ."

ಕಾಕಾ ಗಾಡಿಯಿಂದ ಸ್ವಲ್ಪ ದೂರ ಹೋಗಿ ಫೋನ್ ತೆಗೆದು ಯಾರೊಂದಿಗೋ ಸೋಮವಾರದ ಮಾತಾಡಿ, ಬಂದು ಪ್ಯಾಂಟಿನ ಕಾಲು ಮಡಚಿ ಟ್ರೇ ಇಳಿಸತೊಡಗಿದರು.

ಗುಲಾಬಸಾಬರ ಜೇಬಿನಲ್ಲಿ ಸೀಮೆಸುಣ್ಣದ ತುಂಡಿತ್ತು, ಅಲ್ಲಿ ಗೋಡೆಯಿರಲಿಲ್ಲ. ಅವರು ಚಾಲಕನ ಕಡೆಯ ಬಾಗಿಲು ತೆರೆದು, ಅದರ ಒಳಬದಿಯ ಕಪ್ಪು ರಬ್ಬರಿನ ಹತ್ತಿರ ಅವಳ ಬಲಗೈಯ ಅಳತೆ ಬರೆದರು: ಎರಡೂವರೆ. ಗ್ಯಾರೇಜಿನ ಗೋಡೆಯ ಒಂಬತ್ತನ್ನು ಅವರು ಅಳಿಸಿಲ್ಲ. ಅದರ ಮೇಲೆ ಒಂದು ಗೆರೆ ಮಾತ್ರ ಎಳೆದಿದ್ದಾರೆ, ಕಾಣುತ್ತಿರಲಿ ಎಂದು. ಈಗ ಗಾಡಿ ಒಳಗೆ ಬಂದರೆ, ತಕ್ಕಡಿ ಗೋಡೆಗೆ ಏರುವ ಮೊದಲು, ಬಂದವರೆಲ್ಲರ ಮುಖ ಒಮ್ಮೆ ನೋಡಿ, ಹೊಡೆಯುವವರು ಯಾರು ಎಂದು ಕೇಳುತ್ತಾರಂತೆ.

ಗಾಡಿಯ ಬಾಗಿಲಿನ ಅಂಕಿ ಎರಡು ಮಳೆಗಾಲಕ್ಕೆ ಮಸುಕಾಗಿದೆ. ಹೊಲದಿಂದ ಬಂದು ಗಾಡಿ ತೊಳೆಯುವಾಗ ಚಿಗವ್ವ ಗಾಲಿಯ ಒಳಬದಿಯವರೆಗೂ ಕೈಹಾಕಿ ಮಣ್ಣು ತೆಗೆಯುತ್ತಾಳೆ, ಬಾಗಿಲು ಒರೆಸುತ್ತಾಳೆ, ಆ ಅಂಕಿಯಷ್ಟು ಜಾಗ ಬಿಡುತ್ತಾಳೆ.